ಚೀನಾದ ಸರಕು, ಪಶ್ಚಿಮದ ಬೆಡಗು

ಒಂದು ದೇಶದ ಹೆಸರು ಇನ್ನೊಂದು ದೇಶದ ಅಡಿಗೆಮನೆಯಲ್ಲಿ ಪಾತ್ರೆಯ ಹೆಸರಾಗಿ ನಿಂತುಬಿಡುವುದು ಅಪರೂಪ. ನಾವು ಪಿಂಗಾಣಿಯೆನ್ನುವುದನ್ನು ಇಂಗ್ಲಿಷರು ‘ಚೈನಾ’ ಎನ್ನುತ್ತಾರೆ. ನಮ್ಮ ಪೂರ್ವಿಕರೂ ಇಂತಹುದೇ ಒಂದು ಕೆಲಸವನ್ನು ಮಾಡಿದ್ದರು. ನಯವಾದ ರೇಷ್ಮೆಗೆ ಚೀನಾಂಶುಕವೆಂದು ಹೆಸರಿಟ್ಟರು. ಆ ಮಾತು ಕಾಳಿದಾಸನ ಶಾಕುಂತಲದಲ್ಲಿಯೇ ಇದೆ. ಹೀಗೆ ಚೀನಾದೇಶವನ್ನು ಕಣ್ಣಾರೆ ಕಾಣದ ಜನ ಅದನ್ನು ಅರಿತದ್ದು ಅಲ್ಲಿಂದ ಬಂದ ಸರಕಿನ ಮೂಲಕ. ಬಟ್ಟೆ, ಬಟ್ಟಲು, ಪೆಟ್ಟಿಗೆ, ಬೀಸಣಿಗೆ, ಗೋಡೆಗೆ ಅಂಟಿಸುವ ಕಾಗದ, ಇವೇ ಅವರ ಪಾಲಿಗೆ ಚೀನಾದ ರಾಯಭಾರಿಗಳು. ಸುಮಾರು ೧೬೦೦ರಿಂದ ಮೊದಲಾಗಿ ಎರಡು ನೂರು ವರ್ಷಗಳ ಕಾಲ ಈ ರಾಯಭಾರಿಗಳು ಯೂರೋಪಿನ ಮನೆಗಳ ಒಳಭಾಗವನ್ನು ಹೇಗೆ ಮಾರ್ಪಡಿಸಿದುವೆಂಬುದು ಈ ಹೊತ್ತಿನ ವಿಷಯ.

ಪಶ್ಚಿಮದ ಅಲಂಕಾರಕಲೆಯ ಚರಿತ್ರೆಯನ್ನು ಬರೆಯುವವರು ‘ಚೀನಾದ ಪ್ರಭಾವ’ವೆಂಬ ಮಾತನ್ನು ಸಲೀಸಾಗಿ ಬಳಸುತ್ತಾರೆ. ಆದರೆ ಯಾವ ಚೀನಾದ ಪ್ರಭಾವ? ಚೀನೀ ಪಂಡಿತರು ತಮ್ಮ ತಮ್ಮೊಳಗೆ ಬಿಚ್ಚಿ ನೋಡಿ ಮತ್ತೆ ಸುರುಳಿಸುತ್ತಿಡುತ್ತಿದ್ದ ಮಸಿಯ ಚಿತ್ರಗಳು, ಬೆಟ್ಟ ಮಂಜು ಹೊಳೆಗಳ ಆ ಗಂಭೀರ ಸೃಷ್ಟಿಗಳು, ಆ ಕಾಲದಲ್ಲಿ ಹಡಗು ಹತ್ತಿ ಬಂದುದು ಇಲ್ಲವೆನ್ನುವಷ್ಟು ಕಡಮೆ. ಬಂದುದು ಮಾರಾಟಕ್ಕೆಂದು ಮಾಡಿದ ಸಾಮಾನು. ಅದರಲ್ಲಿಯೂ ಬಹುಭಾಗ ಕೊಳ್ಳುವವನು ಹೇಳಿದ ಆಕಾರದಲ್ಲಿ, ಕೊಳ್ಳುವವನಿಗೆ ಹಿಡಿಸಬಹುದೆಂದು ಊಹಿಸಿದ ಬಣ್ಣದಲ್ಲಿ, ಮಾಡಿದ ಸಾಮಾನು. ಯೂರೋಪಿನವರು ಚೀನಾವೆಂದು ಕಣ್ಣರಳಿಸಿ ನೋಡಿದ್ದು ಎಷ್ಟೋ ವೇಳೆ ಕನ್ನಡಿಯಲ್ಲಿ ಅರ್ಧ ತಮ್ಮದೇ ಮುಖವನ್ನು. ಈ ಮಾತು ಚೀನೀ ಕುಶಲಿಗಳ ಹಿರಿಮೆಯನ್ನು ಕಡಮೆ ಮಾಡುವುದಿಲ್ಲ. ಹೆಚ್ಚಿಸುತ್ತದೆಂದೇ ನನ್ನ ಭಾವನೆ.

ಬಿಳಿಯ ನೆಲದ ಮೇಲೆ ನೀಲಿಯ ಚಿತ್ರವುಳ್ಳ ಪಿಂಗಾಣಿಯನ್ನೇ ನೋಡಿ. ಇದಕ್ಕಿಂತ ಚೀನೀಯವಾದುದು ಮತ್ತೊಂದಿಲ್ಲವೆಂದು ನಾವು ತಿಳಿಯುತ್ತೇವೆ. ಆದರೆ ಹದಿನಾಲ್ಕನೆಯ ಶತಮಾನದಲ್ಲಿ, ಮಂಗೋಲರು ಚೀನಾವನ್ನು ಆಳುತ್ತಿದ್ದಾಗ, ಈ ಬಗೆಯ ಪಾತ್ರೆ ಪ್ರಬುದ್ಧಾವಸ್ಥೆಗೆ ಬಂದುದು ಪರ್ಷಿಯಾ ಮುಂತಾದ ಪಶ್ಚಿಮ ಏಷ್ಯದ ದೇಶಗಳಿಂದ ತರಿಸಿದ ಕೋಬಾಲ್ಟ್ ನೀಲಿಯಿಂದ. ಅಲ್ಲಿಯ ಮುಸಲ್ಮಾನ ಗಿರಾಕಿಗಳು ಒಟ್ಟಿಗೆ ಕುಳಿತು ಉಣ್ಣುವ ದೊಡ್ಡ ಹರಿವಾಣಗಳ ಅಗತ್ಯವೂ ಅದಕ್ಕೆ ಸೇರಿತು. ಮೊದಲಿನಿಂದಲೂ ಅದು ಅನೇಕ ದೇಶಗಳು ಕೂಡಿ ಹಡೆದ ಕೂಸು.

ಪೋರ್ಚುಗೀಸರು ೧೫೫೭ರ ಹೊತ್ತಿಗೆ ಮಕಾವಿನಲ್ಲಿ ನೆಲೆಯೂರಿದರು. ಅವರ ಹಡಗುಗಳಲ್ಲಿ ಪಿಂಗಾಣಿ ಲಿಸ್ಬನ್ ನಗರಕ್ಕೆ ಬರುತ್ತಿದ್ದರೂ ಉತ್ತರ ಯೂರೋಪು ಅದನ್ನು ರಾಶಿರಾಶಿಯಾಗಿ ಕಂಡದ್ದು ವ್ಯಾಪಾರದಿಂದಲ್ಲ, ಸುಲಿಗೆಯಿಂದ. ೧೬೦೩ರ ಫೆಬ್ರವರಿಯಲ್ಲಿ ಸಿಂಗಪುರದ ಬಳಿ ಡಚ್ಚರು ‘ಸಾಂತಾ ಕತರೀನಾ’ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದರೊಳಗೆ ರೇಷ್ಮೆಯ ಮೂಟೆಗಳ ಜೊತೆಗೆ ಸುಮಾರು ಒಂದು ಲಕ್ಷ ಪಿಂಗಾಣಿ ಸಾಮಾನುಗಳಿದ್ದುವು. ಮರುವರ್ಷ ಆಮ್ಸ್ಟರ್ಡಾಮಿನಲ್ಲಿ ಅವನ್ನು ಹರಾಜು ಹಾಕಿದಾಗ ಕೊಂಡವರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯೂ ಒಬ್ಬ. ಪೋರ್ಚುಗೀಸರ ‘ಕರಾಕ’ವೆಂಬ ದೊಡ್ಡ ಹಡಗುಗಳಲ್ಲಿ ಬಂದುದರಿಂದ ಈ ಬಗೆಯ ಪಾತ್ರೆಗೆ ‘ಕ್ರಾಕ್’ ಎಂದು ಹೆಸರಾಯಿತೆಂದು ಊಹೆ. ಕದ್ದ ಮಾಲನ್ನು ಇಟ್ಟುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ ಎದ್ದಿತು. ಅದನ್ನು ಸಮರ್ಥಿಸಲು ಡಚ್ ಕಂಪೆನಿ ಗ್ರೋಷಿಯಸ್ ಎಂಬ ತರುಣ ನ್ಯಾಯವಾದಿಯನ್ನು ಹಿಡಿಯಿತು. ಸಮುದ್ರ ಯಾರೊಬ್ಬರ ಸೊತ್ತೂ ಅಲ್ಲವೆಂದು ೧೬೦೯ರಲ್ಲಿ ಆತ ಪ್ರಕಟಿಸಿದ ವಾದ ಅಂತಾರಾಷ್ಟ್ರೀಯ ನ್ಯಾಯದ ಅಡಿಗಲ್ಲುಗಳಲ್ಲಿ ಒಂದಾಗಿ ಉಳಿದಿದೆ. ಬಟ್ಟಲುಗಳ ದೆಸೆಯಿಂದ ನ್ಯಾಯಶಾಸ್ತ್ರ ಬೆಳೆದ ಪ್ರಸಂಗ ಬೇರೆ ಎಲ್ಲಿಯೂ ಇರಲಾರದು!

ಹರಾಜಿನ ಬಳಿಕ ಡಚ್ಚರಿಗೆ ರುಚಿ ಹತ್ತಿತು. ಆದರೆ ಚೀನೀ ಬಟ್ಟಲಿಗೆ ಹಿಡಿಯಿರಲಿಲ್ಲ. ಬೀರ್ ಕುಡಿಯಲು ಹೂಜಿ ಬೇಕು, ಉಪ್ಪಿಗೆ ಕಾಲುಳ್ಳ ಬಟ್ಟಲು ಬೇಕು, ತಟ್ಟೆಗೆ ಅಗಲವಾದ ಅಂಚು ಬೇಕು. ೧೬೩೫ರಲ್ಲಿ ಫಾರ್ಮೋಸಾದಲ್ಲಿದ್ದ ಡಚ್ ಅಧಿಕಾರಿಗಳು ಒಂದು ಉಪಾಯ ಮಾಡಿದರು. ತಮಗೆ ಬೇಕಾದ ಆಕಾರಗಳನ್ನು ಮರದಲ್ಲಿ ಕಡೆಸಿ, ಅವುಗಳ ಮೇಲೆ ಚೀನೀ ಮಾದರಿಯ ಚಿತ್ರಗಳನ್ನು ಬರೆಯಿಸಿ, ಇಂತಹುವನ್ನು ಮಾಡಿಕೊಡಿರೆಂದು ಚೀನೀ ವರ್ತಕರ ಕೈಗೆ ಕೊಟ್ಟರು. ಡಚ್ಚರ ಆಕಾರ, ಚೀನೀ ಚಿತ್ರ, ಅದನ್ನು ನೋಡಿ ಮತ್ತೆ ಚೀನಾದಲ್ಲಿ ಮಾಡಿದ ಪಾತ್ರೆ! ಯಾವುದು ಮೂಲ, ಯಾವುದು ನಕಲೆಂದು ಹೇಳುವ ಕಷ್ಟ ಅಲ್ಲಿಂದಲೇ ಮೊದಲಾಯಿತು.

೧೬೪೪ರಲ್ಲಿ ಮಿಂಗ್ ವಂಶ ಬಿದ್ದು ಚೀನಾದಲ್ಲಿ ಕ್ಷೋಭೆಯಾದಾಗ ಪಿಂಗಾಣಿಯ ತವರಾದ ಜಿಂಗ್‌ಡೆಜೆನ್ ಪಟ್ಟಣದ ಕೆಲಸ ಹದಗೆಟ್ಟಿತು. ಹಡಗುಗಳು ಬರಿದಾಗಿ ಬರುವಂತಾಯಿತು. ಆಗ ಹಾಲೆಂಡಿನ ಡೆಲ್ಫ್ಟ್ ನಗರದ ಕುಂಬಾರರಿಗೆ ಅದೃಷ್ಟ ತೆರೆಯಿತು. ಮುಚ್ಚಿಹೋಗಿದ್ದ ಬೀರ್ ಭಟ್ಟಿಗಳನ್ನು ಹಿಡಿದು, ಆ ಭಟ್ಟಿಗಳ ಹಳೆಯ ಹೆಸರುಗಳನ್ನೇ ಉಳಿಸಿಕೊಂಡು, ಅವರು ಆವಿಗೆಗಳನ್ನು ಹೂಡಿದರು. ಅವರ ಕೈಯಲ್ಲಿದ್ದುದು ಪಿಂಗಾಣಿಯ ಮಣ್ಣಲ್ಲ, ಸಾಧಾರಣ ಜೇಡಿಮಣ್ಣು. ತವರದ ಬಿಳಿಯ ಲೇಪದಿಂದ ಮುಚ್ಚಿ, ಅದರ ಮೇಲೆ ನೀಲಿಯಲ್ಲಿ ಚೀನೀ ಹೂವು, ಚೀನೀ ಹಕ್ಕಿ, ಕೊಡೆ ಹಿಡಿದ ಚೀನೀ ಪುರುಷ, ಎಲ್ಲವನ್ನೂ ಬರೆದರು. ಅಂಚು ಒಡೆದರೆ ಒಳಗಿನ ಕಂದುಮಣ್ಣು ಕಾಣುತ್ತಿತ್ತು. ಆದರೇನು? ಬೆಲೆ ಕಡಮೆ, ದೂರದಿಂದ ನೋಡಿದರೆ ಬೆರಗು. ಶತಮಾನದ ಕಡೆಯ ಹೊತ್ತಿಗೆ ಆ ಸಣ್ಣ ನಗರದಲ್ಲಿ ಮೂವತ್ತಕ್ಕೂ ಹೆಚ್ಚು ಕಾರ್ಖಾನೆಗಳಿದ್ದುವು. ಇಂದು ಡೆಲ್ಫ್ಟ್ ನೀಲಿಯೆಂದರೆ ಗಾಳಿಗಿರಣಿಯಷ್ಟೇ ಹಾಲೆಂಡಿನ ಗುರುತು. ಅದರ ಬೇರು ಮಾತ್ರ ಚೀನಾದಲ್ಲಿ.

ಹದಿನೆಂಟನೆಯ ಶತಮಾನದ ವ್ಯಾಪಾರದ ಪ್ರಮಾಣವನ್ನು ತಿಳಿಯಬೇಕಾದರೆ ಮುಳುಗಿದ ಒಂದು ಹಡಗನ್ನು ನೋಡಬೇಕು. ಡಚ್ ಕಂಪೆನಿಯ ‘ಗೆಲ್ಡರ್‌ಮಾಲ್ಸೆನ್’ ೧೭೫೨ರ ಜನವರಿ ೩ರಂದು ಕ್ಯಾಂಟನ್ನಿನಿಂದ ಮರಳುತ್ತ ದಕ್ಷಿಣ ಚೀನಾ ಸಮುದ್ರದಲ್ಲಿ ಹವಳದ ದಿಬ್ಬಕ್ಕೆ ಬಡಿದು ಮುಳುಗಿತು. ಅದರ ಬೀಜಕ ಹಾಲೆಂಡಿನ ದಫ್ತರದಲ್ಲಿ ಉಳಿದಿದೆ. ಒಟ್ಟು ೨,೩೯,೨೦೦ ಪಿಂಗಾಣಿ ಸಾಮಾನು. ಚಹದ ಬಟ್ಟಲು ಮತ್ತು ತಟ್ಟೆಗಳ ಜೋಡಿ ೬೩,೬೨೩. ಬೀರಿನ ಹೂಜಿ ೮೨೧. ೬೦೬ ಪೀಕದಾನಿಗಳೂ ಉಂಟು. ಇಷ್ಟು ಪಿಂಗಾಣಿಯೂ ಬೆಲೆಯಲ್ಲಿ ಇಡೀ ಸರಕಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ಮಾತ್ರ. ಹಡಗಿನ ನಿಜವಾದ ಐಶ್ವರ್ಯ ಚಹ, ಸುಮಾರು ೬,೮೭,೦೦೦ ಪೌಂಡು. ಚಹದ ಎಲೆಗೆ ತೇವ ತಗುಲಿದರೆ ಕೆಟ್ಟಿತು. ಪಿಂಗಾಣಿಗೆ ನೀರಿನ ಭಯವಿಲ್ಲ, ಭಾರವೂ ಉಂಟು. ಆದುದರಿಂದ ಪಿಂಗಾಣಿಯನ್ನು ಹಡಗಿನ ತಳದಲ್ಲಿ ಹಾಸಿ, ಮೇಲೆ ಚಹದ ಪೆಟ್ಟಿಗೆಗಳನ್ನು ಪೇರಿಸುತ್ತಿದ್ದರು. ಯೂರೋಪಿನ ರಾಜರು ಗಾಜಿನ ಬೀರುಗಳಲ್ಲಿಟ್ಟು ಪೂಜಿಸಿದ ವಸ್ತು ಚಹದ ಕಾಲಡಿಯ ಹಲಗೆಯಾಗಿ ಬಂದಿತು!

ಆ ಹಡಗಿನ ಪಿಂಗಾಣಿ ೧೯೮೫ರಲ್ಲಿ ಮೈಕೇಲ್ ಹ್ಯಾಚರ್ ಎಂಬ ಸಾಹಸಿಗೆ ಸಿಕ್ಕಿ, ೧೯೮೬ರಲ್ಲಿ ಆಮ್ಸ್ಟರ್ಡಾಮಿನಲ್ಲಿ ಹರಾಜಾಯಿತು. ೧೬೦೪ರ ಹರಾಜಿನ ನಗರವೇ! ಆತ ಸಾಮಾನನ್ನು ಎತ್ತಿದನಲ್ಲದೆ ಹಡಗಿನ ವಿವರಗಳನ್ನು ಶಾಸ್ತ್ರೀಯವಾಗಿ ದಾಖಲೆ ಮಾಡಲಿಲ್ಲವೆಂದು ಪುರಾತತ್ತ್ವಜ್ಞರು ಆಕ್ಷೇಪಿಸಿದರು, ಆಕ್ಷೇಪ ನ್ಯಾಯವಾದುದೇ. ಎರಡು ನೂರ ಮೂವತ್ತು ವರ್ಷ ಉಪ್ಪುನೀರಿನಲ್ಲಿದ್ದರೂ ನೀಲಿಯ ಬಣ್ಣ ಮಾಸಿರಲಿಲ್ಲ.

೧೭೫೭ರ ಆಜ್ಞೆಯ ಅನಂತರ ೧೮೪೨ರವರೆಗೆ ಸಮುದ್ರಮಾರ್ಗವಾಗಿ ಬಂದ ಪಶ್ಚಿಮದವರಿಗೆ ಚೀನಾದಲ್ಲಿ ತೆರೆದಿದ್ದುದು ಕ್ಯಾಂಟನ್ ಒಂದೇ ಬಾಗಿಲು. ಅಲ್ಲಿಯೂ ನದಿಯ ದಡದ ಒಂದು ತುಣುಕು ನೆಲದಲ್ಲಿ ಮಾತ್ರ ಅವರ ವಾಸ, ಊರೊಳಗೆ ಪ್ರವೇಶವಿಲ್ಲ. ಆ ತುಣುಕಿನ ಸುತ್ತಣ ಬೀದಿಗಳಲ್ಲಿ ದಂತ ಕೆತ್ತುವವರು, ಗಾಜಿನ ಹಿಂಬದಿಯಲ್ಲಿ ಚಿತ್ರ ಬರೆಯುವವರು, ಬೆಳ್ಳಿ ಅಕ್ಕಸಾಲಿಗರು, ಬೀಸಣಿಗೆಯವರು, ಎಲ್ಲರೂ ಅಂಗಡಿ ಹೂಡಿದ್ದರು. ನಮ್ಮ ಸೀಮೆಗೂ ಇಲ್ಲಿ ಒಂದು ಎಳೆಯ ಸಂಬಂಧವುಂಟು: ಮೈಸೂರು ಕಾಡಿನ ಗಂಧದ ಮರ ಮಲೆಯಾಳದ ರೇವುಗಳಿಂದ ಹಡಗೇರಿ ಕ್ಯಾಂಟನ್ನಿಗೆ ಹೋಗಿ ಚಹದ ಬೆಲೆಯನ್ನು ಸ್ವಲ್ಪಮಟ್ಟಿಗೆ ತೀರಿಸುತ್ತಿತ್ತು. ಕ್ಯಾಂಟನ್ನಿನ ಕುಶಲಿಗಳು ಗಂಧದ ಮರದಲ್ಲಿಯೂ ಬೀಸಣಿಗೆಗಳನ್ನು ಜಾಲರಿಯಂತೆ ಕೊರೆದು ಪಶ್ಚಿಮದ ಹೆಂಗಸರಿಗೆ ಮಾರುತ್ತಿದ್ದರು.

ಪಿಂಗಾಣಿ ಹುಟ್ಟುತ್ತಿದ್ದುದು ಒಳನಾಡಿನ ಜಿಂಗ್‌ಡೆಜೆನ್ನಿನಲ್ಲಿ. ಬಿಳಿಯ ಪಾತ್ರೆಗಳನ್ನು ಅಲ್ಲಿಂದ ದೋಣಿಯ ಮೇಲೂ, ಕಣಿವೆಯಲ್ಲಿ ಹಮಾಲಿಗಳ ಹೆಗಲ ಮೇಲೂ ಹೊರಿಸಿ ತಂದು ಕ್ಯಾಂಟನ್ನಿನಲ್ಲಿ ಬಣ್ಣ ಹಾಕಿಸುತ್ತಿದ್ದರು. ವಿಲಿಯಂ ಹಿಕ್ಕಿಯೆಂಬ ಆಂಗ್ಲೇಯ ತರುಣ ೧೭೬೯ರಲ್ಲಿ ಅಂತಹ ಒಂದು ಕಾರ್ಖಾನೆಯನ್ನು ಕಂಡು ಬರೆದಿದ್ದಾನೆ. ಉದ್ದನೆಯ ಒಂದು ಪಡಸಾಲೆಯಲ್ಲಿ ನೂರಕ್ಕೂ ಹೆಚ್ಚು ಮಂದಿ ಕುಳಿತು ಪಾತ್ರೆಗಳ ಮೇಲೆ ಬರೆಯುತ್ತಿದ್ದರಂತೆ. ಕೆಲವರು ಮುಪ್ಪಿನ ಮುದುಕರು, ಕೆಲವರು ಆರೇಳು ವರ್ಷದ ಮಕ್ಕಳು. ಆ ಮಕ್ಕಳ ಕೈಯಿಂದ ಬಂದ ಹೂವಿನ ಎಸಳುಗಳನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ನೋಡಿ ತಲೆದೂಗುತ್ತೇವೆ.

ಇವರು ಬರೆದುದರಲ್ಲಿ ಅತಿ ವಿಚಿತ್ರವಾದುದು ಯೂರೋಪಿನ ಮನೆತನಗಳ ಲಾಂಛನ. ನಮ್ಮ ಅರಮನೆಗೆ ಗಂಡಭೇರುಂಡವಿದ್ದಂತೆ ಅಲ್ಲಿ ಪ್ರತಿಯೊಂದು ಕುಲೀನ ಮನೆತನಕ್ಕೂ ಒಂದು ಲಾಂಛನವುಂಟು. ಅದರ ಚಿತ್ರವನ್ನು ಹಡಗಿನಲ್ಲಿ ಕಳುಹಿಸಿದರೆ ಎರಡು ವರ್ಷದ ಬಳಿಕವೋ ಮೂರು ವರ್ಷದ ಬಳಿಕವೋ ಆ ಲಾಂಛನವನ್ನು ಹೊತ್ತ ಊಟದ ಸಾಮಾನು ಮನೆಗೆ ಬರುತ್ತಿತ್ತು. ಇಂಗ್ಲೆಂಡೊಂದಕ್ಕೇ ನಾಲ್ಕು ಸಾವಿರಕ್ಕೂ ಮಿಕ್ಕಿದ ಇಂತಹ ಜೋಡಣೆಗಳು ಹೋದುವು. ಲಾಂಛನದ ಚಿತ್ರಕ್ಕೆ ಬಣ್ಣ ಹಾಕಲು ಪುರಸತ್ತಿಲ್ಲದೆ ‘ಇಲ್ಲಿ ಕೆಂಪು’, ‘ಇಲ್ಲಿ ನೀಲಿ’ ಎಂದು ಮಸಿಯಲ್ಲಿ ಗುರುತುಮಾಡಿ ಕಳುಹಿಸಿದರೆ, ಆ ಅಕ್ಷರಗಳನ್ನೂ ಚಾಚೂ ತಪ್ಪದೆ ತಟ್ಟೆಯ ಮೇಲೆ ಬರೆದು ಕಳುಹಿಸಿದ್ದುಂಟು. ಇದನ್ನು ಹೇಳಿ ಪಶ್ಚಿಮದವರು ನಗುತ್ತಾರೆ. ನಗಲಿ. ಡೆಲ್ಫ್ಟಿನ ಕುಂಬಾರರು ತಮ್ಮ ಹೂಜಿಗಳ ಅಡಿಯಲ್ಲಿ ಚೀನೀ ಅಕ್ಷರವೆಂದು ಬರೆದ ಗೀಟುಗಳನ್ನು ಓದಬಲ್ಲ ಚೀನೀಯನು ಯಾವ ಕಾಲದಲ್ಲಿಯೂ ಹುಟ್ಟಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹದಿನೆಂಟನೆಯ ಶತಮಾನದ ಚೀನೀ ಪಿಂಗಾಣಿಯಲ್ಲಿ ಯೂರೋಪು ಮರುಳಾದುದು ಗುಲಾಬಿಯ ಬಣ್ಣಕ್ಕೆ. ಆ ತಿಳಿಗೆಂಪು ಹೊನ್ನಿನಿಂದ ತೆಗೆಯುವ ಬಣ್ಣ. ೧೭೨೦ರ ಆಚೆಈಚೆ ಯೂರೋಪಿನ ಮಿನಾಕಾರಿಯ ಪರಿಚಯದಿಂದ ಚೀನಾಕ್ಕೆ ಬಂದ ಆ ಬಣ್ಣಗಳಿಗೆ ಚೀನೀಯರು ಇಟ್ಟ ಹೆಸರು ‘ಯಾಂಗ್‌ತ್ಸಾಯ್’, ಎಂದರೆ ಪರದೇಶದ ಬಣ್ಣಗಳು. ಯೂರೋಪಿನವರು ಅವನ್ನೇ ಅಪ್ಪಟ ಚೀನೀಯವೆಂದು ಮುದ್ದಾಡಿದರು.

ಪಿಂಗಾಣಿಯ ಗುಟ್ಟನ್ನು ಯೂರೋಪು ಅರಿತ ಕಥೆ ಬಹಳ ಸಾರಿ ಹೇಳಿರುವಂತಹುದು, ಬೇಗ ಮುಗಿಸುತ್ತೇನೆ. ಸ್ಯಾಕ್ಸನಿಯ ಅರಸು ಆಗಸ್ಟಸನಿಗೆ ಪಿಂಗಾಣಿಯ ಹುಚ್ಚು ಎಷ್ಟೆಂದರೆ, ೧೭೧೭ರಲ್ಲಿ ಪ್ರಷ್ಯದ ದೊರೆಗೆ ೬೦೦ ಮಂದಿ ಸೈನಿಕರನ್ನು ಕೊಟ್ಟು ೧೫೧ ಪಾತ್ರೆಗಳನ್ನು ತೆಗೆದುಕೊಂಡ. ಚಿನ್ನ ಮಾಡಿಕೊಡೆಂದು ಸೆರೆಯಲ್ಲಿಟ್ಟಿದ್ದ ಬಟ್ಗರ್ ಎಂಬ ರಸವಾದಿ ೧೭೦೮ರಲ್ಲಿ ಚಿನ್ನಕ್ಕೆ ಬದಲು ಪಿಂಗಾಣಿಯನ್ನು ಸಾಧಿಸಿದ. ೧೭೧೦ರಲ್ಲಿ ಮೈಸೆನ್ ಕಾರ್ಖಾನೆ ಹುಟ್ಟಿತು. ಅತ್ತ ೧೭೧೨ರಲ್ಲಿ ದಾಂತ್ರೆಕೋಲ್ ಎಂಬ ಜೆಸೂಯಿಟ್ ಪಾದ್ರಿ ಜಿಂಗ್‌ಡೆಜೆನ್ನಿನ ಕೆಲಸದ ಕ್ರಮವನ್ನೆಲ್ಲ ಪತ್ರದಲ್ಲಿ ಬರೆದು ಕಳುಹಿಸಿದ. ಒಂದು ಪಾತ್ರೆ ಎಪ್ಪತ್ತು ಕೆಲಸಗಾರರ ಕೈಗಳನ್ನು ದಾಟಿ ಬರುತ್ತದೆಂದು ಆತ ಕೇಳಿ ತಿಳಿದಿದ್ದ. ಮೈಸೆನ್ ಮೊದಲಿಗೆ ಮಾಡಿದ್ದೇನು? ಪೂರ್ವದೇಶದ ನಕಲುಗಳನ್ನೇ.

ಮಣ್ಣಿನ ಗುಟ್ಟು ಬಯಲಾಯಿತು. ಮೆರುಗೆಣ್ಣೆಯ ಗುಟ್ಟು ಹಾಗೆ ಬಯಲಾಗಲಿಲ್ಲ. ಚೀನೀ ಮೆರುಗೆಣ್ಣೆ ಒಂದು ಮರದ ಹಾಲು. ಪದರಪದರವಾಗಿ ಬಳಿದು, ಒಣಗಿಸಿ, ಉಜ್ಜಿದರೆ ಕನ್ನಡಿಯಂತಹ ಹೊಳಪು ಬರುತ್ತದೆ. ಆ ಮರ ಯೂರೋಪಿನಲ್ಲಿಲ್ಲ. ಹಾಲನ್ನು ಹಡಗಿನಲ್ಲಿ ತರೋಣವೆಂದರೆ ಕೆಡುತ್ತದೆ. ಆಗ ಅವರು ಹಿಡಿದ ಬದಲಿ ಯಾವುದೆಂದರೆ ನಮ್ಮ ದೇಶದ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗಿನ ಜಾತಿಯದೇ ಅದು. ಮರದ ಹಾಲಲ್ಲ, ಹುಳುವಿನ ಸೃಷ್ಟಿ. ಅದನ್ನು ಮದ್ಯಸಾರದಲ್ಲಿ ಕರಗಿಸಿ ಬಳಿಯುವ ವಿಧಾನವನ್ನು ಸ್ಟಾಕರ್ ಮತ್ತು ಪಾರ್ಕರ್ ಎಂಬವರು ೧೬೮೮ರಲ್ಲಿ ಆಕ್ಸ್‌ಫರ್ಡಿನಲ್ಲಿ ಅಚ್ಚುಹಾಕಿಸಿದ ಪುಸ್ತಕದಲ್ಲಿ ವಿವರಿಸಿದರು. ಹೀಗೆ ಇಂಗ್ಲೆಂಡಿನ ‘ಚೀನೀ’ ಪೆಟ್ಟಿಗೆಯ ಮೇಲಿನ ಹೊಳಪು ಹಿಂದೂಸ್ಥಾನದ್ದು.

ಹೆಸರುಗಳ ಗೊಂದಲವೂ ಇಲ್ಲಿ ಸ್ವಾರಸ್ಯವಾಗಿದೆ. ಚೀನಾದಲ್ಲಿ ಮಾಡಿದ, ಚಿತ್ರಗಳನ್ನು ಕೊರೆದು ಬಣ್ಣ ತುಂಬಿದ ದೊಡ್ಡ ಮಡಿಕೆತೆರೆಗಳಿಗೆ ಯೂರೋಪಿನಲ್ಲಿ ‘ಕೋರಮಂಡಲ’ವೆಂದು ಹೆಸರು; ಅವು ನಮ್ಮ ಪೂರ್ವಕರಾವಳಿಯ ರೇವುಗಳಲ್ಲಿ ಹಡಗು ಬದಲಾಯಿಸಿ ಹೋದುದೊಂದೇ ಕಾರಣ. ಚೋಳಮಂಡಲದ ಯಾವ ಬಡಗಿಯೂ ಅವನ್ನು ಮುಟ್ಟಿದವನಲ್ಲ. ಅಂತಹ ತೆರೆಗಳನ್ನು ಯೂರೋಪಿನಲ್ಲಿ ಗರಗಸದಿಂದ ಕೊಯ್ದು ಪೆಟ್ಟಿಗೆಗಳಿಗೂ ಗೋಡೆಗಳಿಗೂ ಜಡಿಯುತ್ತಿದ್ದರು. ಮನುಷ್ಯರೂ ಮರಗಳೂ ತಲೆಕೆಳಗಾಗಿ ನಿಲ್ಲುತ್ತಿದ್ದುವೆಂದು ಸ್ಟಾಕರ್ ಪಾರ್ಕರರೇ ಹಾಸ್ಯಮಾಡಿದ್ದಾರೆ. ಚೀನೀ ಗೋಡೆಕಾಗದಕ್ಕಂತೂ ಇಂಗ್ಲೆಂಡಿನಲ್ಲಿ ‘ಇಂಡಿಯಾ ಕಾಗದ’ವೆಂದೇ ರೂಢನಾಮ. ಈಸ್ಟ್ ಇಂಡಿಯಾ ಕಂಪೆನಿ ತಂದುದೆಲ್ಲ ಇಂಡಿಯಾದ್ದು! ನಮ್ಮ ಚೀಟಿಬಟ್ಟೆಗೂ ಇದೇ ಗತಿ. ಕೆಂಪುನೆಲದ ಹಚ್ಚಡಗಳು ಬೇಡ, ಬಿಳಿಯ ನೆಲದ ಮೇಲೆ ಕೊಂಬೆಹೂಗಳಿರಲಿ ಎಂದು ೧೬೪೩ರಲ್ಲಿ ಕಂಪೆನಿಯ ಲಂಡನ್ ಯಜಮಾನರು ಸೂರತ್ತಿಗೆ ಬರೆದರು. ಆ ಆಜ್ಞೆಗಳಿಂದ ಬೆಳೆದ ಹೂಮರದ ಚಿತ್ರವೂ ಚೀನೀ ಗೋಡೆಕಾಗದದ ಹೂಮರವೂ ಅಕ್ಕತಂಗಿಯರಂತಿವೆ.

ಗೋಡೆಕಾಗದದ ಮಾತು ಬಂದಿತು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ ಆದುದರಿಂದ ಸ್ವಲ್ಪ ನಿಲ್ಲುತ್ತೇನೆ. ಚೀನೀಯರು ತಮ್ಮ ಮನೆಯ ಗೋಡೆಗಳಿಗೆ ಸಾಮಾನ್ಯವಾಗಿ ಅಂಟಿಸುತ್ತಿದ್ದುದು ಚಿತ್ರವಿಲ್ಲದ ಸಾದಾ ಕಾಗದ. ಹೂವು ಹಕ್ಕಿಗಳ ಕಾಗದ ಪರದೇಶದ ಗಿರಾಕಿಗಾಗಿಯೇ ಕ್ಯಾಂಟನ್ನಿನ ಚಿತ್ರಗಾರರು ಕಂಡುಕೊಂಡ ಹೊಸ ಕಲೆ. ಇಪ್ಪತ್ತೈದರಿಂದ ನಲವತ್ತರವರೆಗೆ ಪಟ್ಟಿಗಳು ಒಂದು ಜೋಡಣೆ. ಪಟ್ಟಿಯಿಂದ ಪಟ್ಟಿಗೆ ಚಿತ್ರ ಹರಿಯುತ್ತದೆ. ಒಮ್ಮೆ ಬಂದ ಹಕ್ಕಿ ಅದೇ ಭಂಗಿಯಲ್ಲಿ ಮತ್ತೆ ಬರುವುದಿಲ್ಲ. ನೆಲದಿಂದ ಬಿದಿರೋ ಪಿಯೋನಿಯೋ ಮೇಲೆದ್ದು, ಕೊಂಬೆ ಚಾಚಿ, ಮಾಡಿನವರೆಗೆ ಹೋಗುತ್ತದೆ. ಕೋಣೆಯ ನಡುವೆ ನಿಂತವನಿಗೆ ತೋಟದಲ್ಲಿ ನಿಂತಂತಾಗುತ್ತದೆ. ಗೋಡೆಯನ್ನು ಚೌಕಚೌಕವಾಗಿ ಹಂಚಿ, ಎಡಕ್ಕೊಂದಿದ್ದರೆ ಬಲಕ್ಕೊಂದಿರಬೇಕೆಂದು ಹಟ ಹಿಡಿದಿದ್ದ ಯೂರೋಪಿನ ಕಣ್ಣಿಗೆ ಇದು ಹೊಸ ಪಾಠ. ಸಮತೂಕವಿಲ್ಲದೆಯೂ ಸೌಂದರ್ಯವಿರಬಹುದು, ಬರಿದುಬಿಟ್ಟ ಜಾಗವೂ ಚಿತ್ರದ ಅಂಗವಾಗಬಹುದು ಎಂಬುದನ್ನು ಪಂಡಿತರ ಗ್ರಂಥಗಳಿಗಿಂತ ಮೊದಲೇ ಈ ಕಾಗದ ಮನೆಮನೆಯಲ್ಲಿ ಬೋಧಿಸಿತು. ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್, ಚೀನೀ ಬಿದಿರಿನ ಸ್ವರೂಪ ಶಾಸ್ತ್ರಗ್ರಂಥಗಳಿಗಿಂತ ಈ ಕಾಗದಗಳಲ್ಲಿಯೇ ಚೆನ್ನಾಗಿದೆಯೆಂಬ ಅರ್ಥದಲ್ಲಿ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಪ್ರಸಿದ್ಧ ಬಡಗಿ ಥಾಮಸ್ ಚಿಪ್ಪೆಂಡೇಲ್ ೧೭೭೧ರಲ್ಲಿ ಯಾರ್ಕ್‌ಷೈರಿನ ನಾಸ್ಟೆಲ್ ಪ್ರಯರಿಗೆ ಇಂತಹ ಕಾಗದವನ್ನೂ ಅದಕ್ಕೆ ಹೊಂದುವ ಹಸುರು ಮೆರುಗಿನ ಸಾಮಾನನ್ನೂ ಒದಗಿಸಿದ. ಎರಡೂ ಅಲ್ಲಿಯೇ ಇವೆ. ಸಮೀಪದ ಹೇರ್‌ವುಡ್ ಭವನದಲ್ಲಿ ಗೋಡೆಯಿಂದ ಬಿಚ್ಚಿಟ್ಟಿದ್ದ ಕಾಗದ ೧೯೮೮ರಲ್ಲಿ ಸುರುಳಿಯಾಗಿ ಸಿಕ್ಕಿತು. ಕಾಗದ ಅಂಟಿಸುವಾಗ ಸಂದುಗಳು ಕಂಡರೆ, ಅಥವಾ ಜಾಗ ಬರಿದೆನಿಸಿದರೆ, ಬೇರೆ ಪಟ್ಟಿಯಿಂದ ಹಕ್ಕಿಯನ್ನು ಕತ್ತರಿಸಿ ಅಲ್ಲಿ ಅಂಟಿಸುವುದು ವಾಡಿಕೆ. ಲೀಡ್ಸ್ ನಗರದ ಬಳಿಯ ಟೆಂಪಲ್ ನ್ಯೂಸಮ್ ಭವನದ ಯಜಮಾನಿ ಲೇಡಿ ಹರ್ಟ್‌ಫರ್ಡ್ ೧೮೨೭-೨೮ರಲ್ಲಿ ಕತ್ತರಿ ಹಿಡಿದಾಗ ಕೈಗೆ ಸಿಕ್ಕಿದ್ದು ಆಡೂಬನ್ ಎಂಬಾತನ ಅಮೆರಿಕದ ಹಕ್ಕಿಗಳ ಚಿತ್ರಪಟಗಳು. ಆಕೆ ಆ ಹಕ್ಕಿಗಳನ್ನು ಕತ್ತರಿಸಿ ಚೀನೀ ಕೊಂಬೆಗಳ ಮೇಲೆ ಕುಳ್ಳಿರಿಸಿದಳು. ಆಡೂಬನ್ ಗ್ರಂಥದ ಪೂರ್ಣಪ್ರತಿಯೊಂದು ೨೦೧೦ರಲ್ಲಿ ಲಂಡನ್ನಿನಲ್ಲಿ ೭೩ ಲಕ್ಷ ಪೌಂಡಿಗೆ ಮಾರಾಟವಾಯಿತು! ಅದರ ಬೆಲೆ ಹಾಗಿರಲಿ. ಕ್ಯಾಂಟನ್ನಿನ ಹಕ್ಕಿಯ ಪಕ್ಕದಲ್ಲಿ ಅಮೆರಿಕದ ಹಕ್ಕಿ ಕುಳಿತಿದೆ, ಯಾವುದೂ ಅಪರಿಚಿತವೆನಿಸುವುದಿಲ್ಲ.

ಇಷ್ಟು ಸಾಮಾನು ಕಣ್ಣ ಮುಂದಿದ್ದಾಗ ಅದನ್ನು ನೋಡಿ ತಾವೇ ಕಲ್ಪಿಸುವ ಆಸೆ ಯೂರೋಪಿಗೆ ಹುಟ್ಟಿದುದು ಸಹಜ. ಈ ಕಲ್ಪನೆಗೆ ಫ್ರೆಂಚರದೇ ಒಂದು ಹೆಸರುಂಟು. ಕನ್ನಡದಲ್ಲಿ ನಾವು ‘ಚೀನೀ ಬೆಡಗು’ ಎನ್ನಬಹುದು. ೧೬೭೦ರಲ್ಲಿ ಹದಿನಾಲ್ಕನೆಯ ಲೂಯಿ ವರ್ಸೇಲ್ಸಿನ ತೋಟದಲ್ಲಿ ಕಟ್ಟಿಸಿದ ‘ಪಿಂಗಾಣಿಯ ತ್ರಿಯಾನೋನ್’ ಅದರ ಚೊಚ್ಚಲು. ನಾನ್‌ಕಿಂಗಿನ ಪಿಂಗಾಣಿಗೋಪುರದ ವರ್ಣನೆ ಆಗ ಎಲ್ಲರ ಬಾಯಲ್ಲಿತ್ತು. ಲೂಯಿಯ ಮಂಟಪಕ್ಕೆ ಮೆತ್ತಿದ್ದು ನಿಜವಾದ ಪಿಂಗಾಣಿಯಲ್ಲ, ಬಣ್ಣದ ಮಣ್ಣುಬಿಲ್ಲೆ; ಚಳಿಗೆ ಅವು ಒಡೆದುವು; ೧೬೮೭ರಲ್ಲಿ ಕೆಡವಿದರು. ಚಿಪ್ಪೆಂಡೇಲ್ ೧೭೫೪ರಲ್ಲಿ ಪ್ರಕಟಿಸಿದ ಮಾದರಿಪುಸ್ತಕದಲ್ಲಿ ಜಾಲಂದ್ರದ ಬೆನ್ನುಳ್ಳ ಚೀನೀ ಕುರ್ಚಿಗಳಿವೆ. ಕುರ್ಚಿ ಸೊಗಸೇ, ಅಂತಹ ಕುರ್ಚಿಯಲ್ಲಿ ಚೀನೀಯನಾರೂ ಕುಳಿತಿರಲಿಲ್ಲ.

ಚೀನಾವನ್ನು ಕಣ್ಣಿನಿಂದ ಕಂಡ ಶಿಲ್ಪಿ ಅವರಲ್ಲಿ ಒಬ್ಬನಿದ್ದ, ವಿಲಿಯಂ ಚೇಂಬರ್ಸ್. ಸ್ವೀಡಿಷ್ ಕಂಪೆನಿಯ ನೌಕರಿಯಲ್ಲಿ ಎರಡು ಬಾರಿ ಕ್ಯಾಂಟನ್ನಿಗೆ ಹೋಗಿದ್ದು, ೧೭೫೭ರಲ್ಲಿ ಚೀನೀ ಕಟ್ಟಡಗಳ ಗ್ರಂಥವನ್ನು ಬರೆದ. ಲಂಡನ್ನಿನ ಕ್ಯೂ ತೋಟದಲ್ಲಿ ೧೭೬೨ರಲ್ಲಿ ಮುಗಿದ ಆತನ ಪಗೋಡಕ್ಕೆ ಹತ್ತು ನೆಲೆ. ಚೀನಾದ ಪಗೋಡಗಳಲ್ಲಿ ನೆಲೆಗಳ ಸಂಖ್ಯೆ ಸಂಪ್ರದಾಯದಂತೆ ಬೆಸ. ಕಣ್ಣಿನಿಂದ ಕಂಡವನ ಗತಿಯೇ ಹೀಗಾದರೆ ಮಿಕ್ಕವರನ್ನು ಕೇಳುವುದೇನು! ಅದರ ಮಾಡಿನ ಮೂಲೆಗಳಲ್ಲಿದ್ದ ೮೦ ಮರದ ಘಟಸರ್ಪಗಳನ್ನು ೧೭೮೪ರಲ್ಲಿ ಇಳಿಸಿದರು. ೨೦೧೮ರಲ್ಲಿ ಹೊಸವನ್ನು ಮಾಡಿ ಏರಿಸಿದರು. ಬ್ರೈಟನ್ ಅರಮನೆಯನ್ನು ನಾನು ಇಲ್ಲಿ ವಿಸ್ತರಿಸುವುದಿಲ್ಲ. ಹೊರಗೆ ಹಿಂದೂಸ್ಥಾನದ ಗುಮ್ಮಟ, ಒಳಗೆ ಚೀನಾದ ಘಟಸರ್ಪ, ಮಧ್ಯದಲ್ಲಿ ಇಂಗ್ಲೆಂಡಿನ ದೊರೆ.

ಪ್ರವಾಹ ಒಂದೇ ಮುಖವಾಗಿ ಹರಿಯಿತೆಂದು ಭಾವಿಸಬಾರದು. ಫ್ರೆಂಚ್ ಚಿತ್ರಗಾರ ಬೂಷೇ ಪ್ಯಾರಿಸಿನಲ್ಲಿಯೇ ಕುಳಿತು ೧೭೪೨ರಲ್ಲಿ ಚೀನೀ ದೃಶ್ಯಗಳನ್ನು ಕಲ್ಪಿಸಿದ. ಅವನ್ನು ಬೋವೆಯ ನೇಕಾರರು ಗೋಡೆಗೆ ತೂಗುಹಾಕುವ ಚಿತ್ರಪಟಗಳಾಗಿ ನೆಯ್ದರು. ಅಂತಹ ಒಂದು ಜೋಡಣೆ ೧೭೬೦ರ ದಶಕದಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿಗೆ ಕಾಣಿಕೆಯಾಗಿ ಪೀಕಿಂಗಿಗೆ ಹೋಯಿತು. ಚೀನಾದ ಚಕ್ರವರ್ತಿಗೆ ಫ್ರಾನ್ಸಿನ ಚೀನಾ! ಆದರೆ ಆತನೂ ಕಡಮೆಯವನಲ್ಲ. ಜೆಸೂಯಿಟ್ ಪಾದ್ರಿಗಳ ಕೈಯಿಂದ ೧೭೪೭ರಿಂದ ಮೊದಲುಗೊಂಡು ಯುವಾನ್‌ಮಿಂಗ್‌ಯುವಾನ್ ಉಪವನದಲ್ಲಿ ಯೂರೋಪಿನ ಬೆಡಗಿನ ಅರಮನೆಗಳನ್ನೂ ನೀರಿನ ಕಾರಂಜಿಗಳನ್ನೂ ಮಾಡಿಸಿಕೊಂಡಿದ್ದ. ೧೮೬೦ರಲ್ಲಿ ಇಂಗ್ಲಿಷರೂ ಫ್ರೆಂಚರೂ ಆ ಉಪವನವನ್ನು ಸೂರೆಮಾಡಿದರು; ಬಳಿಕ ಇಂಗ್ಲಿಷ್ ಸೈನ್ಯ ಬೆಂಕಿಯಿಟ್ಟಿತು. ಇಂದು ಅಲ್ಲಿ ಎದ್ದು ಕಾಣುವ ಅವಶೇಷಗಳು ಆ ಯೂರೋಪಿಯನ್ ಅರಮನೆಗಳ ಕಲ್ಲುಕಂಬಗಳೇ.

ಬೆಡಗು ಹೇಗೆ ತಣ್ಣಗಾಯಿತೆಂಬುದಕ್ಕೆ ಯಂತ್ರವೂ ಒಂದು ಕಾರಣ. ತಾಮ್ರದ ತಗಡಿನಿಂದ ಕಾಗದಕ್ಕೆ, ಕಾಗದದಿಂದ ಪಾತ್ರೆಗೆ ಚಿತ್ರವನ್ನು ಒತ್ತುವ ವಿದ್ಯೆ ಇಂಗ್ಲೆಂಡಿನಲ್ಲಿ ಬಂದಿತು. ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ ಎಂಬವರು ೧೭೫೬ರಲ್ಲಿ ಆರು ಗಂಟೆಯೊಳಗೆ ೧,೨೦೦ ಬಿಲ್ಲೆಗಳಿಗೆ ಚಿತ್ರ ಒತ್ತಿದೆವೆಂದು ಪ್ರಮಾಣ ಮಾಡಿ ಹೇಳಿದರು. ನೂರು ಕೈಗಳ ಪಡಸಾಲೆಗೆ ಇನ್ನೇನು ಉಳಿಯಿತು? ಸುಮಾರು ೧೭೯೦ರಲ್ಲಿ ಹುಟ್ಟಿದ ‘ವಿಲ್ಲೋ’ ಮಾದರಿ ಈ ಒತ್ತುವ ವಿದ್ಯೆಯ ಕೂಸು: ನೀರಂಜಿ ಮರ, ಸೇತುವೆಯ ಮೇಲೆ ಮೂವರು, ಮೇಲೆ ಎರಡು ಹಕ್ಕಿ. ಓಡಿಹೋದ ಪ್ರೇಮಿಗಳು ಹಕ್ಕಿಗಳಾದರೆಂಬ ಚೀನೀ ಪುರಾಣ ಅದರಲ್ಲಿದೆಯೆಂದು ಇಂಗ್ಲಿಷ್ ತಾಯಂದಿರು ಮಕ್ಕಳಿಗೆ ಹೇಳುತ್ತಿದ್ದರು. ಆ ಪುರಾಣವನ್ನು ಹೊಸೆದವರು ಇಂಗ್ಲಿಷರೇ. ೧೮೪೯ರಲ್ಲಿ ಒಂದು ಕುಟುಂಬಪತ್ರಿಕೆ ಅದನ್ನು ಅಚ್ಚುಮಾಡಿ ಹಬ್ಬಿಸಿತು. ಇಂಗ್ಲಿಷ್ ಕಂಪೆನಿ ೧೭೯೧ರಲ್ಲಿ ಚೀನೀ ಪಿಂಗಾಣಿಯನ್ನು ಸಗಟಾಗಿ ತರಿಸುವುದನ್ನು ನಿಲ್ಲಿಸಿತು. ಎರಡೇ ವರ್ಷದಲ್ಲಿ, ೧೭೯೩ರಲ್ಲಿ, ಮ್ಯಾಕಾರ್ಟ್ನಿಯ ರಾಯಭಾರ ಪೀಕಿಂಗಿಗೆ ಒಯ್ದ ಕಾಣಿಕೆಗಳಲ್ಲಿ ವೆಜ್‌ವುಡ್ ಕಾರ್ಖಾನೆಯ ಮಣ್ಣಿನ ಸಾಮಾನೂ ಇದ್ದಿತು.

ಚಹ ಮಾತ್ರ ನಿಲ್ಲಲಿಲ್ಲ. ಅದಕ್ಕೆ ತೆರಬೇಕಾದ ಬೆಳ್ಳಿಗೆ ಬದಲು ಹಿಂದೂಸ್ಥಾನದಲ್ಲಿ ಬೆಳೆಸಿದ ಅಫೀಮು ಹೋಗುವಂತಾಯಿತು. ೧೮೩೯ರಿಂದ ೧೮೪೨ರವರೆಗೆ ನಡೆದ ಯುದ್ಧದ ಫಲ ಎಲ್ಲರಿಗೂ ತಿಳಿದುದೇ. ತಟ್ಟೆಯ ಮೇಲಿನ ಕೊಡೆ ಹಿಡಿದ ಕುಳ್ಳ ಪುರುಷ, ತೂಗುವ ಸೇತುವೆ, ಗೊಂಬೆಮನೆಯಂತಹ ಮಂಟಪ, ಇವುಗಳಿಂದಲೇ ಚೀನಾವನ್ನು ಕಲಿತ ಜನಕ್ಕೆ ಆ ದೇಶ ಗೊಂಬೆಯ ದೇಶವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಗೊಂಬೆಯನ್ನು ಹಾಗೆ ಮಾಡಿಸಿದವರು ತಾವೇ ಎಂಬುದು ಅವರಿಗೆ ಮರೆತುಹೋಗಿತ್ತು.

ಈ ಇಡೀ ವ್ಯಾಪಾರದಲ್ಲಿ ಹೆಸರು ಉಳಿಸಿಕೊಂಡ ಚೀನೀ ಕುಶಲಿಗಳು ಬೆರಳೆಣಿಕೆಯವರು. ಅವರಲ್ಲಿ ಒಬ್ಬ ಲಂಡನ್ನಿಗೇ ಬಂದಿದ್ದ. ಅವನ ಹೆಸರು ಚಿಟ್‌ಕ್ವಾ. ಕ್ಯಾಂಟನ್ನಿನಲ್ಲಿ ಜೇಡಿಮಣ್ಣಿನಿಂದ ಜನರ ಪ್ರತಿಮೆ ಮಾಡುತ್ತಿದ್ದವನು. ೧೭೬೯ರಲ್ಲಿ ಬಂದು, ಸ್ಟ್ರಾಂಡ್ ಬೀದಿಯ ಬಳಿ ಬಾಡಿಗೆಗೆ ಇದ್ದುಕೊಂಡು, ಎದೆಯಮಟ್ಟಿನ ಪ್ರತಿಮೆಗೆ ಹತ್ತು ಗಿನಿ, ಪೂರ್ಣಪ್ರತಿಮೆಗೆ ಹದಿನೈದು ಗಿನಿ ತೆಗೆದುಕೊಳ್ಳುತ್ತಿದ್ದ. ೧೭೭೦ರಲ್ಲಿ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಅವನ ಕೃತಿಯಿತ್ತು. ಜೋಫನಿ ಬರೆದ ಅಕಾಡೆಮಿಯ ಸದಸ್ಯರ ದೊಡ್ಡ ಚಿತ್ರದಲ್ಲಿ, ಹಿಂದಿನ ಸಾಲಿನಲ್ಲಿ ಅವನ ಮುಖವೂ ಕಾಣುತ್ತದೆ. ಊರಿಗೆ ಹಿಂದಿರುಗಲು ೧೭೭೧ರಲ್ಲಿ ಹಡಗು ಹತ್ತಿದಾಗ ನಾವಿಕರು ಅವನನ್ನು ಅಪಶಕುನವೆಂದು ಕಂಡು ಕಾಡಿದರು, ಇಳಿದು ಬರಬೇಕಾಯಿತು. ಮರುವರ್ಷ ಹೋದ. ಅವನು ಹೋದ ಬಳಿಕ, ೧೭೭೩ರಲ್ಲಿ, ವಿಲಿಯಂ ಚೇಂಬರ್ಸ್ ಪೂರ್ವದೇಶದ ತೋಟಗಾರಿಕೆಯನ್ನು ಕುರಿತ ತನ್ನ ಗ್ರಂಥದ ಎರಡನೆಯ ಮುದ್ರಣಕ್ಕೆ ಒಂದು ಉಪನ್ಯಾಸವನ್ನು ಸೇರಿಸಿ, ಅದು ಚಿಟ್‌ಕ್ವಾನ ಮಾತೆಂದು ಅಚ್ಚುಹಾಕಿಸಿದ. ಅದರಲ್ಲಿರುವುದೆಲ್ಲ ಚೇಂಬರ್ಸನ ಅಭಿಪ್ರಾಯವೇ. ಚಿಟ್‌ಕ್ವಾನ ಸ್ವಂತ ಕೈಕೆಲಸವನ್ನು ನೋಡಬೇಕೆಂದರೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ವೈದ್ಯರ ಸಂಸ್ಥೆಗೆ ಹೋಗಬೇಕು. ಅಲ್ಲಿ ಆಂಟನಿ ಆಸ್ಕ್ಯೂ ಎಂಬ ವೈದ್ಯನ ಒಂದು ಸಣ್ಣ ಮಣ್ಣಿನ ಪ್ರತಿಮೆಯಿದೆ. ಅದು ಚಿಟ್‌ಕ್ವಾನದೆಂದು ಬಲ್ಲವರು ಹೇಳುತ್ತಾರೆ.